ಸೆನ್ಸರ್ ಇರುವ ಟ್ರಾಕ್ಟರನ್ನು ಊರಿನ ಮೇಸ್ತ್ರಿಯಿಂದ ರಿಪೇರಿ ಮಾಡಿಸುವ ಹಕ್ಕು ನಮಗಿದೆಯೇ?

ಪ್ರಶ್ನೆ: ಎಡದಂಡೆ ರೈತ, ಸಿಂಧನೂರು ತಾಲ್ಲೂಕು

ನಮ್ಮ ಗದ್ದೆಗಳು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿವೆ. ಮೇಲಿನವರ ಮಡಿಗಳೆಲ್ಲ ತುಂಬಿ ನಮ್ಮ ತೂಬಿಗೆ ನೀರು ಇಳಿಯುವಷ್ಟರಲ್ಲಿ ಹಂಗಾಮು ಸಾಕಷ್ಟು ಮುಂದೆ ಹೋಗಿರುತ್ತದೆ. ಇಳಿದ ನೀರು ಎಷ್ಟು ದಿನ ಹರಿಯುತ್ತದೆ ಎಂಬುದಕ್ಕೂ ಭರವಸೆಯಿಲ್ಲ. ಆದ್ದರಿಂದ ನೀರು ಬಂದ ವಾರದೊಳಗೆ ಕೆಸರು ಹೊಡೆದು ನಾಟಿ ಮುಗಿಸುವುದು ನಮಗೆ ಅನಿವಾರ್ಯ. ಈ ಅವಸರಕ್ಕೆ ಒದಗಲೆಂದೇ ಎರಡು ವರ್ಷಗಳ ಹಿಂದೆ ಬ್ಯಾಂಕ್ ಸಾಲ ಮಾಡಿ 55 ಎಚ್‌ಪಿಯ ಹೊಸ ಟ್ರಾಕ್ಟರ್ ಕೊಂಡಿದ್ದೆ.

ಕಳೆದ ಮುಂಗಾರಿನಲ್ಲಿ ಕೇಜ್‌ವೀಲ್ ಹಾಕಿ ಮೂರನೆಯ ಮಡಿಯಲ್ಲಿ ಕೆಸರು ಹೊಡೆಯುತ್ತಿದ್ದಾಗ ಮೀಟರ್ ಫಲಕದಲ್ಲಿ ಹಳದಿ ಬಣ್ಣದ ಇಂಜಿನ್ ದೀಪ ಹತ್ತಿಕೊಂಡಿತು. ಆಮೇಲೆ ಎಕ್ಸಲರೇಟರನ್ನು ಎಷ್ಟು ಒತ್ತಿದರೂ ಇಂಜಿನ್ 1,200 ಸುತ್ತಿನಿಂದ ಮೇಲೇಳಲಿಲ್ಲ. ಷೋರೂಮಿಗೆ ಫೋನ್ ಮಾಡಿದಾಗ, ತಮ್ಮ ಇಂಜಿನಿಯರ್ ಬಂದು ಲ್ಯಾಪ್‌ಟಾಪ್ ಜೋಡಿಸುವವರೆಗೆ ಯಾರೂ ಮುಟ್ಟಬಾರದು, ಹೊರಗಿನವರು ಮುಟ್ಟಿದರೆ ವಾರಂಟಿ ಪೂರ್ತಿ ರದ್ದಾಗುತ್ತದೆ ಎಂದು ಹೇಳಿದರು. ಇಂಜಿನಿಯರ್ ಬಂದದ್ದು ಐದನೆಯ ದಿನ. ಲ್ಯಾಪ್‌ಟಾಪ್ ನೋಡಿ, ಡೀಸೆಲ್ ಒತ್ತಡವನ್ನು ಅಳೆಯುವ ರೈಲ್ ಪ್ರೆಶರ್ ಸೆನ್ಸರಿನ ಕನೆಕ್ಟರನ್ನು ಕಳಚಿ, ಒಳಗಿದ್ದ ಕೆಸರುನೀರನ್ನು ಒರೆಸಿ, ಸ್ಪ್ರೇ ಹೊಡೆದು, ಮತ್ತೆ ಸಿಕ್ಕಿಸಿ, ಎರರ್ ಕೋಡ್ ಅಳಿಸಿದರು. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ಆ ಐದು ದಿನಗಳಲ್ಲಿ ಬಾಡಿಗೆ ಟ್ರಾಕ್ಟರಿಗೆ ಕೊಟ್ಟ ಹಣ ಒಂದು ಕಡೆಯಾದರೆ, ಸಸಿಮಡಿಯಲ್ಲಿ ಬಲಿತುಹೋದ ಸಸಿ ಇನ್ನೊಂದು ಕಡೆ.

ಅಪ್ಪನ ಕಾಲದಿಂದಲೂ ನಮ್ಮ 35 ಎಚ್‌ಪಿ ಟ್ರಾಕ್ಟರನ್ನು ನೋಡಿಕೊಂಡು ಬಂದ ಮೇಸ್ತ್ರಿ ಅಂದು ಬದುವಿನ ಮೇಲೆ ನಿಂತು ಇದನ್ನೆಲ್ಲ ನೋಡುತ್ತಿದ್ದರು. “ಆ ಕನೆಕ್ಟರನ್ನು ಒರೆಸಲು ನನಗೂ ಬರುತ್ತಿತ್ತು, ಆದರೆ ಇಷ್ಟು ಕನೆಕ್ಟರುಗಳಲ್ಲಿ ಯಾವುದು ಎಂದು ಹೇಳುವ ಪೆಟ್ಟಿಗೆ ನನ್ನ ಬಳಿ ಇಲ್ಲ” ಎಂದರು. ನನ್ನ ಅಜ್ಜ ಊರಿನ ಕಮ್ಮಾರನಿಗೆ ವರ್ಷಕ್ಕೆ ಇಷ್ಟು ಎಂದು ಆಯ ಅಳೆದು ಕೊಡುತ್ತಿದ್ದ. ಕುಳ ಹಣಿಸುವುದಕ್ಕೆ, ಕೂರಿಗೆಯ ತಾಳು ಸರಿಮಾಡಿಸುವುದಕ್ಕೆ ಯಾರ ಅಪ್ಪಣೆಯನ್ನೂ ಅವನು ಕೇಳಬೇಕಾಗಿರಲಿಲ್ಲ. ಅದನ್ನು ನೆನೆದು ನಿಟ್ಟುಸಿರಿಡುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಮುಂದಿನ ಹಂಗಾಮಿಗೆ ಮುಂಚೆ ಕೆಲವು ವಿಷಯಗಳು ನನಗೆ ಸ್ಪಷ್ಟವಾಗಬೇಕಾಗಿದೆ.

ಹೊರಗಿನ ಮೇಸ್ತ್ರಿ ಮುಟ್ಟಿದ ಮಾತ್ರಕ್ಕೆ ವಾರಂಟಿ ರದ್ದು ಎನ್ನಲು ಕಂಪನಿಗೆ ಕಾನೂನಿನ ಬಲ ಇದೆಯೇ? ಸರ್ವೀಸ್ ಮ್ಯಾನ್ಯುಯಲ್ ಮತ್ತು ಎರರ್ ಕೋಡುಗಳ ಪಟ್ಟಿಯನ್ನು ಕೊಡಿ ಎಂದು ಖರೀದಿದಾರನಾಗಿ ನಾನು ಕೇಳಬಹುದೇ? ಬೇರೆ ಕಡೆಯಿಂದ ಕೋಡ್ ಓದುವ ಸ್ಕ್ಯಾನರ್ ತಂದು, ಇಂಜಿನ್ನನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆಯಾದ ಇಸಿಯುಗೆ ಜೋಡಿಸಿದರೆ ಅದು ಅಪರಾಧವಾಗುತ್ತದೆಯೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಾಜಲ್ ಮೇಸ್ತ್ರಿ, ಗಂಗಾವತಿ

ಕಾನೂನಿನ ಮಾತನ್ನು ತಿಳಿದವರು ಹೇಳಲಿ. ಇಪ್ಪತ್ತಾರು ವರ್ಷ ಡೀಸೆಲ್ ಪಂಪು, ನಾಜಲ್ಲುಗಳ ನಡುವೆ ಕೈ ಕಪ್ಪು ಮಾಡಿಕೊಂಡವನಾಗಿ ನಾನು ಯಂತ್ರದ ಮಾತನ್ನು ಹೇಳುತ್ತೇನೆ.

ನಿಮ್ಮ ಅಪ್ಪನ ಟ್ರಾಕ್ಟರಿಗೂ ನಿಮ್ಮ ಟ್ರಾಕ್ಟರಿಗೂ ಇರುವ ವ್ಯತ್ಯಾಸ ಎಚ್‌ಪಿಯದಷ್ಟೇ ಅಲ್ಲ. 50 ಎಚ್‌ಪಿ ಮೀರಿದ ಟ್ರಾಕ್ಟರುಗಳಿಗೆ 2023ರ ಜನವರಿ 1ರಿಂದ ಟ್ರೆಮ್-4 ಹೊಗೆ ನಿಯಮ ಜಾರಿಗೆ ಬಂದಿತು. ಆ ಮಿತಿಯೊಳಗೆ ಹೊಗೆಯನ್ನು ಇಡುವುದು ಹಳೆಯ ಮೆಕ್ಯಾನಿಕಲ್ ಪಂಪಿನಿಂದ ಆಗುವ ಕೆಲಸವಲ್ಲವಾದ್ದರಿಂದ ಕಂಪನಿಗಳು, ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಹೆಚ್ಚಿನ ಒತ್ತಡದ ಡೀಸೆಲ್ ಕೊಡುವ ಕಾಮನ್ ರೈಲ್ ಇಂಜಿನ್ನಿಗೆ ಬಂದವು. ಹಳೆಯ ಇಂಜಿನ್ನಿನಲ್ಲಿ ಯಾವಾಗ, ಎಷ್ಟು ಡೀಸೆಲ್ ಹೋಗಬೇಕು ಎಂಬುದನ್ನು ಪಂಪಿನೊಳಗಿನ ಕ್ಯಾಮ್ ಮತ್ತು ಗವರ್ನರ್ ತೀರ್ಮಾನಿಸುತ್ತಿದ್ದವು. ಅವು ಕಣ್ಣಿಗೆ ಕಾಣುತ್ತಿದ್ದವು, ಕೈಗೆ ಸಿಗುತ್ತಿದ್ದವು. ಈಗ ಅದನ್ನು ಇಸಿಯು ಎಂಬ ಪೆಟ್ಟಿಗೆ ತೀರ್ಮಾನಿಸುತ್ತದೆ. ಕ್ರ್ಯಾಂಕ್ ಸೆನ್ಸರ್, ರೈಲ್ ಪ್ರೆಶರ್ ಸೆನ್ಸರ್, ನೀರಿನ ಶಾಖದ ಸೆನ್ಸರ್, ಪೆಡಲ್ ಸೆನ್ಸರ್ ಇವು ಹೇಳಿದ್ದನ್ನು ನಂಬಿ ಅದು ಕೆಲಸ ಮಾಡುತ್ತದೆ. ಒಂದು ಸೆನ್ಸರಿನ ಮಾತು ನಂಬುವಂತಿಲ್ಲವೆಂದು ಕಂಡುಬಂದರೆ ಇಂಜಿನ್ ಕೆಡದಿರಲೆಂದು ವೇಗವನ್ನು ತಾನೇ ತಗ್ಗಿಸುತ್ತದೆ. ನಿಮ್ಮ ಮಡಿಯಲ್ಲಿ ಆದದ್ದು ಇದೇ. ಅಂದರೆ ಇಂಜಿನ್ ಕೆಟ್ಟಿರಲಿಲ್ಲ, ಅದಕ್ಕೆ ಸುದ್ದಿ ತಲುಪಿಸುವ ತಂತಿ ಒದ್ದೆಯಾಗಿತ್ತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹಳೆಯ ಇಂಜಿನ್ ಮಿಸ್ ಹೊಡೆದರೆ ನಾವು ಅದನ್ನು ಓಡುತ್ತಿರುವಂತೆಯೇ ಬಿಟ್ಟು, ಇಂಜೆಕ್ಟರ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸ್ಪ್ಯಾನರಿನಿಂದ ಸಡಿಲಿಸುತ್ತಿದ್ದೆವು. ಯಾವ ಪೈಪನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರೇ ಕೆಟ್ಟಿದೆ ಎಂದು ಲೆಕ್ಕ. ಅಲ್ಲಿ ನಾಜಲ್ ತೆರೆಯುತ್ತಿದ್ದುದು ಹೆಚ್ಚುಕಡಿಮೆ 200 ಬಾರ್ ಒತ್ತಡಕ್ಕೆ. ಕಾಮನ್ ರೈಲಿನಲ್ಲಿ ಒತ್ತಡ 1,600 ಬಾರ್ ಮುಟ್ಟುತ್ತದೆ. ಓಡುತ್ತಿರುವ ಕಾಮನ್ ರೈಲ್ ಇಂಜಿನ್ನಿನ ನಟ್ ಸಡಿಲಿಸಿದರೆ ಹೊರಚಿಮ್ಮುವ ಡೀಸೆಲ್ ಸೂಜಿಯಂತೆ ಚರ್ಮವನ್ನು ಸೀಳಿಕೊಂಡು ಒಳಗೆ ಹೋಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಾಣಿಸಿದರೂ ಕೂಡಲೇ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳನ್ನೇ ಕಳೆದುಕೊಳ್ಳುವ ಸಂಭವವಿದೆ. ಹೀಗಾಗಿ ಈ ಇಂಜಿನ್ನುಗಳಲ್ಲಿ ಯಾವ ಸಿಲಿಂಡರ್ ಕೆಟ್ಟಿದೆ ಎಂದು ತಿಳಿಯುವ ಮುಖ್ಯವಾದ ಸುರಕ್ಷಿತ ದಾರಿ ಸ್ಕ್ಯಾನರ್. ಸ್ಕ್ಯಾನರನ್ನು ಹೊರಗಿನ ಮೇಸ್ತ್ರಿಗೆ ಕೊಡುವುದು ಸುರಕ್ಷತೆಗೆ ಅಪಾಯ ಎಂದು ಹೇಳುವವರು ಇದನ್ನೂ ಯೋಚಿಸಬೇಕು.

ಕಾರುಗಳಲ್ಲಿ ಈ ತಾಪತ್ರಯ ಕಡಿಮೆ. ಎಲ್ಲ ಕಂಪನಿಗಳ ಕಾರಿಗೂ ದೋಷ ಪತ್ತೆಗೆಂದು ಒಂದೇ ಅಳತೆಯ 16 ಪಿನ್ನಿನ ಒಬಿಡಿ ಸಾಕೆಟ್ ಇದೆ, ಸಾಮಾನ್ಯ ಕೋಡುಗಳ ಅರ್ಥವೂ ಒಂದೇ ಆಗಿದೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುವ ಸಾಧಾರಣ ಸ್ಕ್ಯಾನರಿನಿಂದಲೂ ಮುಕ್ಕಾಲು ಪಾಲು ಕೆಲಸ ನಡೆಯುತ್ತದೆ. ಟ್ರಾಕ್ಟರುಗಳಲ್ಲಿ, ನಾನು ಕಂಡಮಟ್ಟಿಗೆ, ಕಂಪನಿಗೊಂದು ಸಾಕೆಟ್, ಕಂಪನಿಗೊಂದು ಕೋಡ್. ಕೆಲವು ಮಾದರಿಗಳ ಮೀಟರಿನಲ್ಲಿಯೇ ಅಂಕಿ ಮೂಡುತ್ತದೆ, ಆದರೆ ಆ ಅಂಕಿಯ ಅರ್ಥ ಬರೆದಿರುವ ಪುಸ್ತಕ ಷೋರೂಮಿನ ಬೀರುವಿನಲ್ಲಿರುತ್ತದೆ. ಇಂಜೆಕ್ಟರ್ ಬದಲಿಸಿದರಂತೂ ಹೊಸ ಇಂಜೆಕ್ಟರಿನ ತಲೆಯ ಮೇಲೆ ಅಚ್ಚಾಗಿರುವ ಕೋಡನ್ನು ಇಸಿಯುಗೆ ತುಂಬಬೇಕು; ತುಂಬದಿದ್ದರೆ ಇಂಜಿನ್ ಒರಟಾಗಿ ಓಡುತ್ತದೆ, ಹೊಗೆ ಬರುತ್ತದೆ. ಬಿಚ್ಚಿ ಜೋಡಿಸುವ ಕೆಲಸ ಅರ್ಧ ಗಂಟೆಯದು, ಕೋಡ್ ತುಂಬುವ ಅನುಮತಿಗೆ ಮೂರು ದಿನ.

ನಿಮ್ಮ ಕೈಯಲ್ಲಿರುವ ಕೆಲಸವನ್ನೂ ಹೇಳಿಬಿಡುತ್ತೇನೆ. ಕೆಸರಿನಿಂದ ಬಂದ ಟ್ರಾಕ್ಟರನ್ನು ಪ್ರೆಶರ್ ಪಂಪಿನಿಂದ ತೊಳೆಯುವಾಗ ಇಂಜಿನ್ನಿನ ಪಕ್ಕದ ವೈರಿಂಗಿಗೆ ನೇರವಾಗಿ ನೀರು ಹೊಡೆಯಬೇಡಿ. ಕನೆಕ್ಟರಿನ ಒಳಗೆ ಕಿತ್ತಳೆ ಅಥವಾ ನೀಲಿ ಬಣ್ಣದ ಸಣ್ಣ ರಬ್ಬರ್ ಸೀಲ್ ಇರುತ್ತದೆ, ನೀರಿನ ಹೊಡೆತಕ್ಕೆ ಅದು ಮಡಚಿಕೊಳ್ಳುತ್ತದೆ. ಆಮೇಲೆ ಒಳಗೆ ಸೇರಿದ ನೀರು ಪಿನ್ನಿನ ಮೇಲೆ ಪಾಚಿಯಂಥ ಹಸಿರು ಕಿಲುಬು ಕಟ್ಟಿಸುತ್ತದೆ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಳಚಿ, ಲಾಕನ್ನು ಉಗುರಿನಿಂದ ಎತ್ತಿ ಕನೆಕ್ಟರನ್ನು ಎಳೆಯಿರಿ. ತಂತಿ ಹಿಡಿದು ಎಳೆಯಬೇಡಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪೂರ್ತಿ ಒಣಗಲು ಬಿಡಿ. ಉಪ್ಪುಕಾಗದದಿಂದ ಉಜ್ಜಿದರೆ ಪಿನ್ನಿನ ಮೇಲಿನ ಲೇಪ ಹೋಗಿ ಮುಂದಿನ ವರ್ಷ ಕಿಲುಬು ಇಮ್ಮಡಿಯಾಗುತ್ತದೆ. ಟ್ರಾಕ್ಟರ್ ನಿಲ್ಲಿಸಿದ ಕಡೆ ಇಲಿಯ ಕಾಟ ಇದ್ದರೆ ವೈರಿಂಗನ್ನು ವಾರಕ್ಕೊಮ್ಮೆ ನೋಡಿ. ಭತ್ತದ ನಾಡಿನಲ್ಲಿ ಸೆನ್ಸರ್ ದೋಷ ಎಂದು ನನ್ನ ಬಳಿಗೆ ಬಂದವುಗಳಲ್ಲಿ ಹಲವು ಇಲಿಯ ಹಲ್ಲಿನ ದೋಷಗಳೇ ಆಗಿದ್ದವು.

ಉತ್ತರ 2: ಕರಿಕೋಟು, ಧಾರವಾಡ

ಪ್ರಶ್ನೆ ಕೇಳಿದವರು ಘಟನೆಯನ್ನು ಕ್ರಮವಾಗಿ ಹೇಳಿರುವುದರಿಂದ ಉತ್ತರಿಸುವುದು ಸುಲಭವಾಗಿದೆ. ರಿಪೇರಿ ಹಕ್ಕಿಗೆಂದೇ ಪ್ರತ್ಯೇಕವಾದ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಈ ಬಗ್ಗೆ ಒಂದು ಸಮಿತಿಯನ್ನು ರಚಿಸಿ, ಮೊದಲು ಗಮನ ಕೊಡಬೇಕಾದ ನಾಲ್ಕು ವಲಯಗಳಲ್ಲಿ ಕೃಷಿ ಉಪಕರಣಗಳನ್ನೂ ಸೇರಿಸಿತು. ಅದೇ ವರ್ಷದ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ಕೂಡ ಆರಂಭವಾಯಿತು. ಪೋರ್ಟಲ್ ಎಂದರೆ ಕಂಪನಿಗಳು ತಾವಾಗಿ ಬಂದು ಮಾಹಿತಿಯನ್ನು ಹಾಕುವ ಜಾಗ, ಹಾಕದಿದ್ದರೆ ದಂಡವಿಲ್ಲ. ಒಂದು ಉಪಕರಣ ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂದು ಅಂಕ ಕೊಡುವ ರಿಪೇರಿ ಸೂಚ್ಯಂಕಕ್ಕೆಂದು 2024ರಲ್ಲಿ ರಚನೆಯಾದ ಇನ್ನೊಂದು ಸಮಿತಿ ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳಿಗೆ ಆದ್ಯತೆ ಕೊಟ್ಟಿತು. ಟ್ರಾಕ್ಟರ್ ಸಾಲಿನಲ್ಲಿ ಹಿಂದೆಯೇ ನಿಂತಿದೆ.

ಆದರೆ ಪ್ರತ್ಯೇಕ ಕಾಯ್ದೆ ಇಲ್ಲ ಎಂದ ಮಾತ್ರಕ್ಕೆ ರೈತನ ಕೈ ಬರಿದಾಗಿಲ್ಲ. ವಾರಂಟಿಯ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು ಕಾರು ತಯಾರಿಸುವ 14 ಕಂಪನಿಗಳ ವಿರುದ್ಧ ಒಂದು ದೊಡ್ಡ ಆದೇಶವನ್ನು ಕೊಟ್ಟಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ಸ್ಪರ್ಧೆಗೆ ಮಾರಕ ಎಂದು ತೀರ್ಮಾನಿಸಿ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಮೇಲ್ಮನವಿಯಲ್ಲಿ ಕೆಲವು ಕಂಪನಿಗಳ ದಂಡದ ಮೊತ್ತ ಕಡಿಮೆಯಾಯಿತು. ನಮಗೆ ಮುಖ್ಯವಾದದ್ದು ಅದರಲ್ಲಿದ್ದ ಒಂದು ನಿರ್ದೇಶನ: ಹೊರಗಿನ ಮೆಕ್ಯಾನಿಕ್ ಮುಟ್ಟಿದರೆ ವಾರಂಟಿ ಸಾರಾಸಗಟಾಗಿ ರದ್ದು ಎಂಬ ಷರತ್ತನ್ನು ಹಾಕುವಂತಿಲ್ಲ, ಹೊರಗಿನ ತಪ್ಪು ರಿಪೇರಿಯಿಂದ ಯಾವ ಹಾನಿಯಾಯಿತೋ ಆ ಹಾನಿಯ ಮಟ್ಟಿಗೆ ಮಾತ್ರ ವಾರಂಟಿಯನ್ನು ನಿರಾಕರಿಸಬಹುದು.

ಈ ಆದೇಶ ಕಾರು ಕಂಪನಿಗಳಿಗೆ ಕೊಟ್ಟದ್ದು, ಟ್ರಾಕ್ಟರ್ ಕಂಪನಿಗಳಿಗಲ್ಲ. ಇದನ್ನು ಹಿಡಿದುಕೊಂಡು ಹೋಗಿ ಷೋರೂಮಿನ ಮೇಜು ಗುದ್ದಿದರೆ ಪ್ರಯೋಜನವಾಗದು. ಆದರೂ ಅದರ ಹಿಂದಿನ ತರ್ಕ ಟ್ರಾಕ್ಟರಿಗೆ ಹೊಂದುವುದಿಲ್ಲ ಎನ್ನಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಕಾರು ಕೊಂಡವನು ಹೇಗೆ ಅದೇ ಕಂಪನಿಯ ಬಿಡಿಭಾಗಕ್ಕೆ ಕಟ್ಟುಬೀಳುತ್ತಾನೋ ಟ್ರಾಕ್ಟರ್ ಕೊಂಡವನೂ ಹಾಗೆಯೇ ಕಟ್ಟುಬೀಳುತ್ತಾನೆ. ಸಾಲದ ಕಂತು ಮತ್ತು ಹಂಗಾಮು ಎರಡೂ ಅವನ ಕತ್ತಿನ ಮೇಲೆ ಇರುವುದರಿಂದ ಇನ್ನೂ ಬಿಗಿಯಾಗಿ ಕಟ್ಟುಬೀಳುತ್ತಾನೆ.

ಎರಡನೆಯದು ಮಾಹಿತಿಯ ಪ್ರಶ್ನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವಾ ನ್ಯೂನತೆಯ ವ್ಯಾಖ್ಯೆಯೊಳಗೆ, ಗ್ರಾಹಕನಿಗೆ ಸಂಬಂಧಪಟ್ಟ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದನ್ನೂ ಸೇರಿಸಲಾಗಿದೆ. ಹಿಂದಿನ 1986ರ ಕಾಯ್ದೆಯಲ್ಲಿ ಈ ಮಾತು ಇರಲಿಲ್ಲ. ಎರರ್ ಕೋಡಿನ ಅರ್ಥ ಸಂಬಂಧಪಟ್ಟ ಮಾಹಿತಿ ಹೌದೇ ಅಲ್ಲವೇ ಎಂಬ ವಾದವನ್ನು ಯಾರಾದರೂ ಗ್ರಾಹಕ ಆಯೋಗದ ಮುಂದೆ ಇಡಬೇಕು. ಅದನ್ನು ಇಡಬೇಕಾದರೆ ನೀವು ಮೊದಲು ಲಿಖಿತವಾಗಿ ಕೇಳಿರಬೇಕು, ಅವರು ಕೊಡದಿರಬೇಕು. ಫೋನಿನಲ್ಲಿ ಕೇಳಿದ್ದು ಗಾಳಿಗೆ ಹೋದಂತೆ. ಸ್ಪೀಡ್ ಪೋಸ್ಟಿನಲ್ಲಿ ಡೀಲರಿಗೂ ಕಂಪನಿಗೂ ಒಂದೊಂದು ಪತ್ರ ಹಾಕಿ, ಚಾಸಿಸ್ ಸಂಖ್ಯೆ ಬರೆದು, ಕೋಡುಗಳ ಪಟ್ಟಿಯನ್ನು ಬೆಲೆಗಾದರೂ ಕೊಡಿ ಎಂದು ಕೇಳಿರಿ.

“ಟ್ರಾಕ್ಟರ್ ವಾಣಿಜ್ಯ ಉದ್ದೇಶದ್ದು, ಆದ್ದರಿಂದ ನೀವು ಗ್ರಾಹಕರೇ ಅಲ್ಲ” ಎಂಬ ವಾದವನ್ನು ಕಂಪನಿಯ ವಕೀಲರು ಎತ್ತುವುದು ವಾಡಿಕೆ. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಬಳಸುವ ಸರಕು ವಾಣಿಜ್ಯ ಉದ್ದೇಶದ್ದಲ್ಲ ಎಂದು ಕಾಯ್ದೆಯ ವಿವರಣೆಯೇ ಹೇಳುತ್ತದೆ. ಬಿತ್ತನೆ ಬೀಜ ಕೊಂಡ ರೈತ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ 2012ರಲ್ಲಿ ಎತ್ತಿಹಿಡಿದಿದೆ. ಸ್ವಂತ ಗದ್ದೆಗೆ ಟ್ರಾಕ್ಟರ್ ಬಳಸುವ ನಿಮ್ಮಂಥವರಿಗೆ ಇಲ್ಲಿ ಭಯವಿಲ್ಲ. ನಾಲ್ಕು ಕಂಬೈನ್ ಹಾರ್ವೆಸ್ಟರ್ ಇಟ್ಟು, ಚಾಲಕರನ್ನು ನೇಮಿಸಿ, ಜಿಲ್ಲೆಯಿಂದ ಜಿಲ್ಲೆಗೆ ಬಾಡಿಗೆಗೆ ಓಡಿಸುವವರ ಸ್ಥಿತಿ ಬೇರೆ, ಅವರಿಗೆ ಈ ದಾರಿ ಕಷ್ಟ.

ದೂರನ್ನು ನೀವು ವಾಸವಾಗಿರುವ ಜಿಲ್ಲೆಯ ಆಯೋಗದಲ್ಲಿಯೇ ಕೊಡಬಹುದು, ಷೋರೂಮ್ ಇರುವ ಊರಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಅದು ಜಿಲ್ಲಾ ಆಯೋಗದ ವ್ಯಾಪ್ತಿ. 5ರಿಂದ 10 ಲಕ್ಷದ ನಡುವಿನದಾದರೆ ಶುಲ್ಕ 200 ರೂಪಾಯಿ. ಘಟನೆ ನಡೆದ ಎರಡು ವರ್ಷದೊಳಗೆ ಹೋಗಬೇಕು. ಆದರೆ ವಾರಂಟಿ ಒಪ್ಪಂದದ ಷರತ್ತೇ ಅನ್ಯಾಯದ್ದು ಎಂದು ಪ್ರಶ್ನಿಸುವುದಾದರೆ, ಅಂಥ ದೂರನ್ನು ಕಾಯ್ದೆ ರಾಜ್ಯ ಆಯೋಗಕ್ಕೆ ವಹಿಸಿದೆ. ಇದನ್ನು ಗಮನಿಸದೆ ಜಿಲ್ಲೆಯಲ್ಲಿ ಹಾಕಿ ವರ್ಷ ಕಳೆದುಕೊಂಡವರನ್ನು ನೋಡಿದ್ದೇನೆ. ಇಂಜಿನಿಯರ್ ಬಂದ ದಿನದ ಜಾಬ್‌ಕಾರ್ಡ್, ನೀವು ಫೋನ್ ಮಾಡಿದ ದಿನಾಂಕ ತೋರಿಸುವ ಕರೆಗಳ ಪಟ್ಟಿ, ಬಾಡಿಗೆ ಟ್ರಾಕ್ಟರಿಗೆ ಹಣ ಕೊಟ್ಟದ್ದಕ್ಕೆ ಸಾಕ್ಷಿ ಇವನ್ನು ಈಗಲೇ ಒಂದು ಕಡೆ ತೆಗೆದಿಡಿ.

ಕೊನೆಯದಾಗಿ ಸ್ಕ್ಯಾನರ್. ಅಮೆರಿಕದ ಸುದ್ದಿಗಳನ್ನು ಓದಿ ಇಲ್ಲಿಯೂ ಇಸಿಯು ಮುಟ್ಟಿದರೆ ಜೈಲು ಎಂದು ಹೆದರುವವರಿದ್ದಾರೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ವಿಧಿಯು ತಾಂತ್ರಿಕ ಬೀಗವನ್ನು ಮುರಿಯುವುದಕ್ಕೆ ಎರಡು ವರ್ಷದವರೆಗೆ ಸೆರೆವಾಸವನ್ನು ಹೇಳುತ್ತದೆ, ನಿಜ. ಆದರೆ ಹಕ್ಕುಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಮಾತ್ರ ಅದು ಅಪರಾಧ. ಕೋಡ್ ಓದಿ ಸೆನ್ಸರ್ ಸರಿಪಡಿಸುವವನಿಗೆ ಆ ಉದ್ದೇಶವಿದೆ ಎಂದು ಸಾಧಿಸುವುದು ಕಷ್ಟ. ಕಂಪನಿಯ ಸಾಫ್ಟ್‌ವೇರನ್ನೇ ನಕಲು ಮಾಡಿ ಪೆನ್‌ಡ್ರೈವಿನಲ್ಲಿ ಮಾರುವವನ ಕಥೆ ಬೇರೆ, ಅಂಥದ್ದನ್ನು ಕೊಳ್ಳಬೇಡಿ.

ಉತ್ತರ 3: ಹಾವೇರಿಯವನು, ಸದ್ಯ ಅಯೋವಾದಲ್ಲಿ

ಅಮೆರಿಕದ ಹೆಸರು ಬಂದದ್ದರಿಂದ ನಾಲ್ಕು ಮಾತು. ನಾನಿರುವುದು ಜೋಳ ಮತ್ತು ಸೋಯಾ ಬೆಳೆಯುವ ಬಯಲಿನ ನಡುವೆ. ಇಲ್ಲಿನ ಜೋಳ ಎಂದರೆ ನಮ್ಮ ಮೆಕ್ಕೆಜೋಳ. ಇಲ್ಲಿ ಈ ಜಗಳ ಹತ್ತು ವರ್ಷಕ್ಕೂ ಹಳೆಯದು.

1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆಯ ಕಾರಣದಿಂದ ಇಲ್ಲಿ ರೈತ ತನ್ನ ಟ್ರಾಕ್ಟರಿನ ಸಾಫ್ಟ್‌ವೇರ್ ಬೀಗವನ್ನು ಮುರಿಯುವುದೇ ಕಾನೂನುಬಾಹಿರವಾಗಿತ್ತು. 2015ರಲ್ಲಿ ರಿಪೇರಿಗಾಗಿ ವಿನಾಯಿತಿ ಸಿಕ್ಕಿತು, 2018ರಲ್ಲಿ ಅದನ್ನು ರೈತನಿಗೆ ನೆರವಾಗುವ ಮೂರನೆಯವರಿಗೂ ವಿಸ್ತರಿಸಿದರು. ಆದರೆ ಬೀಗ ಮುರಿಯಬಹುದು ಎಂದರೇನು, ಸಲಕರಣೆ ಎಲ್ಲಿದೆ? ಹೀಗಾಗಿ ಯುಕ್ರೇನಿನಿಂದ ಬಂದ ಕಳ್ಳ ಸಾಫ್ಟ್‌ವೇರನ್ನು ಅಮೆರಿಕದ ರೈತರು ಕೊಂಡು ಹಾಕಿಕೊಳ್ಳುತ್ತಿದ್ದ ವರದಿಗಳು 2017ರಲ್ಲಿ ಬಂದವು. 2022ರಲ್ಲಿ ಅದೇ ಯುಕ್ರೇನಿನ ಮೆಲಿಟೊಪೋಲಿನ ಡೀಲರಿನಿಂದ ರಷ್ಯಾದ ಸೈನಿಕರು ಕದ್ದೊಯ್ದ, ಅಮೆರಿಕದ ಟ್ರಾಕ್ಟರ್ ಕಂಪನಿ ಜಾನ್ ಡಿಯರ್ ತಯಾರಿಸಿದ ಯಂತ್ರಗಳು ದೂರದಿಂದಲೇ ನಿಷ್ಕ್ರಿಯವಾದವು ಎಂಬ ಸುದ್ದಿ ಬಂದಾಗ ಎಲ್ಲರೂ ಕಳ್ಳರಿಗೆ ತಕ್ಕ ಶಾಸ್ತಿ ಎಂದು ನಕ್ಕರು. ನನಗೂ ನಗು ಬಂದಿತು. ಆಮೇಲೆ, ಕಳ್ಳನ ಯಂತ್ರವನ್ನು ನಿಲ್ಲಿಸಬಲ್ಲ ಗುಂಡಿ ಮಾಲೀಕನ ಯಂತ್ರವನ್ನೂ ನಿಲ್ಲಿಸಬಲ್ಲದಲ್ಲ ಎಂದು ಹೊಳೆಯಿತು.

2023ರ ಜನವರಿಯಲ್ಲಿ ಅಮೆರಿಕನ್ ಫಾರ್ಮ್ ಬ್ಯೂರೋ ಮತ್ತು ಜಾನ್ ಡಿಯರ್ ಒಂದು ಒಡಂಬಡಿಕೆಗೆ ಸಹಿ ಹಾಕಿದವು. ಉಪಕರಣ, ಮಾಹಿತಿ ಕೊಡುತ್ತೇವೆ ಎಂದು ಕಂಪನಿ ಹೇಳಿತು. ಪ್ರತಿಯಾಗಿ ರಿಪೇರಿ ಹಕ್ಕಿನ ಕಾಯ್ದೆಗಳನ್ನು ಬೆಂಬಲಿಸುವುದಿಲ್ಲ ಎಂಬ ಅರ್ಥದ ಮಾತನ್ನು ರೈತ ಸಂಘಟನೆ ಕೊಟ್ಟಿತು. ಕೊಲೊರಾಡೊ ರಾಜ್ಯ ಇದಕ್ಕೆ ಕಾಯಲಿಲ್ಲ. ಅದೇ ವರ್ಷದ ಏಪ್ರಿಲಿನಲ್ಲಿ ಕೃಷಿ ಯಂತ್ರಗಳಿಗೆಂದೇ ಕಾಯ್ದೆ ಮಾಡಿ 2024ರ ಜನವರಿ 1ರಿಂದ ಜಾರಿಗೆ ತಂದಿತು. 2025ರ ಜನವರಿಯಲ್ಲಿ ಕೇಂದ್ರದ ವ್ಯಾಪಾರ ಆಯೋಗ ಎಫ್‌ಟಿಸಿ, ಇಲಿನಾಯ್ ಮತ್ತು ಮಿನೆಸೋಟ ರಾಜ್ಯಗಳೊಡನೆ ಸೇರಿ ಜಾನ್ ಡಿಯರ್ ಮೇಲೆ ಮೊಕದ್ದಮೆ ಹೂಡಿತು. ಪೂರ್ತಿ ಕೆಲಸ ಮಾಡುವ ದೋಷಪತ್ತೆ ಸಾಫ್ಟ್‌ವೇರ್ ಡೀಲರಿಗೆ ಮಾತ್ರ, ರೈತನಿಗೆ ಕೊಡುವುದು ಮೊಟಕು ಆವೃತ್ತಿ ಎಂಬುದು ಅದರ ಮುಖ್ಯ ಆರೋಪ. ಕಂಪನಿ ಆರೋಪವನ್ನು ನಿರಾಕರಿಸಿತು.

ನಿಮಗೆ ಇದರಿಂದ ಒಂದು ಉಪಯೋಗವಿದೆ. ಹೊಗೆ ನಿಯಮದ ಕಾರಣದಿಂದ ಇಸಿಯು ಮಾಹಿತಿಯನ್ನು ಕೊಡಲಾಗದು ಎಂಬ ನೆಪ ಇಲ್ಲಿಯೂ ಕೇಳಿಬರುತ್ತಿತ್ತು. 2023ರ ಆಗಸ್ಟಿನಲ್ಲಿ ಇಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯಸ್ಥರೇ, ಶುದ್ಧ ಗಾಳಿಯ ಕಾಯ್ದೆ ಸ್ವತಂತ್ರ ರಿಪೇರಿಗೆ ಅಡ್ಡಿಯಲ್ಲ ಎಂದು ರೈತರ ಒಕ್ಕೂಟಕ್ಕೆ ಪತ್ರ ಬರೆದರು. ನಿಮ್ಮಲ್ಲಿ ಟ್ರೆಮ್-4ರ ಹೆಸರು ಹೇಳಿದರೆ ಈ ಮಾತು ನೆನಪಿರಲಿ.

ಉತ್ತರ 4: ಹಳೆಯ ಸರ್ವೀಸ್ ಇಂಜಿನಿಯರ್, ದಾವಣಗೆರೆ

ಎಲ್ಲರೂ ಒಂದೇ ಕಡೆಗೆ ವಾಲಿರುವುದರಿಂದ ಇನ್ನೊಂದು ಕಡೆಯನ್ನೂ ಹೇಳುವುದು ನನ್ನ ಕರ್ತವ್ಯ. ಹನ್ನೊಂದು ವರ್ಷ ಡೀಲರ್ ಬಳಿ ಸರ್ವೀಸ್ ವಿಭಾಗದಲ್ಲಿದ್ದು ಈಗ ಬಿಟ್ಟಿದ್ದೇನೆ. ಐದು ದಿನ ತಡವಾಗಿ ಬಂದ ಆ ಇಂಜಿನಿಯರ್ ಸೋಮಾರಿಯಾಗಿರಲಿಕ್ಕಿಲ್ಲ. ಹಂಗಾಮಿನಲ್ಲಿ ಎರಡು ಮೂರು ತಾಲ್ಲೂಕಿಗೆ ಒಬ್ಬನೇ, ಲ್ಯಾಪ್‌ಟಾಪೂ ಒಂದೇ. ಬೈಕಿನ ಮೇಲೆ ಸುತ್ತಿ ದಿನಕ್ಕೆ ನಾಲ್ಕು ಯಂತ್ರ ನೋಡಿದರೆ ಹೆಚ್ಚು.

“ಮುಟ್ಟಬೇಡಿ” ಎನ್ನುವುದಕ್ಕೂ ಕಾರಣಗಳಿವೆ. ಎಳೆತ ಹೆಚ್ಚಾಗಲೆಂದು ಇಸಿಯು ರೀಮ್ಯಾಪ್ ಮಾಡಿಸಿ, ಅಂದರೆ ಅದರ ಸಾಫ್ಟ್‌ವೇರನ್ನೇ ಬದಲಿಸಿ, ಕ್ಲಚ್ ಸುಟ್ಟುಕೊಂಡು, ಹಳೆಯ ಸಾಫ್ಟ್‌ವೇರನ್ನು ವಾಪಸು ಹಾಕಿಸಿ, ವಾರಂಟಿಯಲ್ಲಿ ಹೊಸ ಕ್ಲಚ್ ಕೇಳಲು ಬಂದವರನ್ನು ನಾನು ಕಂಡಿದ್ದೇನೆ. ಹೊಗೆಯ ಒಂದು ಪಾಲನ್ನು ಇಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವಿಗೆ ತಗಡಿನ ತುಂಡು ಇಟ್ಟು ಮುಚ್ಚಿಸಿದವರೂ ಇದ್ದಾರೆ. ಡ್ಯೂಪ್ಲಿಕೇಟ್ ಡೀಸೆಲ್ ಫಿಲ್ಟರ್ ಹಾಕಿಸಿ ನಾಲ್ಕು ಇಂಜೆಕ್ಟರುಗಳನ್ನೂ ಒಟ್ಟಿಗೆ ಕಳೆದುಕೊಂಡವರು ಬಂದು ಬೈಯುವುದು ನಮ್ಮನ್ನೇ. ಮೇಸ್ತ್ರಿಗಳು ಬರೆದದ್ದನ್ನು ಗೌರವದಿಂದ ಓದಿದೆ, ಆದರೆ ಎಲ್ಲ ಮೇಸ್ತ್ರಿಗಳೂ ಅವರಂತೆ 1,600 ಬಾರಿನ ಅರಿವು ಇದ್ದವರಲ್ಲ.

ಇಷ್ಟಾಗಿಯೂ ಒಂದನ್ನು ಒಪ್ಪುತ್ತೇನೆ. ಕೋಡ್ ಓದುವುದು ಬೇರೆ, ಸಾಫ್ಟ್‌ವೇರ್ ಬದಲಿಸುವುದು ಬೇರೆ. ಓದುವುದರಿಂದ ಯಾರಿಗೂ ನಷ್ಟವಿಲ್ಲ. ಕೋಡ್ ಓದಿ, ಅಳಿಸಿ, ಇಂಜೆಕ್ಟರ್ ಕೋಡ್ ತುಂಬುವಷ್ಟು ಅಧಿಕಾರವಿರುವ ಸ್ಕ್ಯಾನರನ್ನು ತರಬೇತಿ ಪಡೆದ ಮೇಸ್ತ್ರಿಗೆ ಕೊಟ್ಟು, ರೀಮ್ಯಾಪಿನ ಬೀಗವನ್ನು ಮಾತ್ರ ಕಂಪನಿ ಇಟ್ಟುಕೊಂಡರೆ ನಮ್ಮಂಥವರ ಅರ್ಧ ಓಡಾಟವೂ ತಪ್ಪುತ್ತದೆ. ಮೊಬೈಲಿನಲ್ಲಿ ವಿಡಿಯೊ ಕರೆ ಮಾಡಿಸಿ ರೈತನಿಂದಲೇ ಕನೆಕ್ಟರ್ ಒರೆಸಿದ ಉದಾಹರಣೆ ನನ್ನಲ್ಲೇ ಹತ್ತಾರಿವೆ. ಜಾಬ್‌ಕಾರ್ಡಿನಲ್ಲಿ ಅದನ್ನು ಬರೆಯುವಂತಿರಲಿಲ್ಲ ಅಷ್ಟೆ.

ಇದನ್ನು ಮಾಡಿಸುವ ಹಿಡಿ ಸರ್ಕಾರದ ಕೈಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಸಬ್ಸಿಡಿಗೆ ಅರ್ಹವಾಗಬೇಕಾದ ಯಂತ್ರಗಳು ಮಧ್ಯಪ್ರದೇಶದ ಬುದ್ನಿಯಂಥ ಕೇಂದ್ರಗಳಲ್ಲಿ ಪರೀಕ್ಷೆಗೆ ಒಳಗಾಗಬೇಕು. ಎಳೆತ, ಜೋಡಿಸಿದ ಸಲಕರಣೆಗಳನ್ನು ತಿರುಗಿಸುವ ಪಿಟಿಒ ಶಕ್ತಿ, ಡೀಸೆಲ್ ಖರ್ಚು ಎಲ್ಲವನ್ನೂ ಅಲ್ಲಿ ಅಳೆಯುತ್ತಾರೆ. ಅದರ ಜೊತೆಗೆ ಕೋಡುಗಳ ಪಟ್ಟಿಯನ್ನು ಖರೀದಿದಾರನ ಭಾಷೆಯಲ್ಲಿ ಕೊಟ್ಟಿದ್ದಾರೆಯೇ ಎಂಬ ಒಂದು ಸಾಲನ್ನು ಸೇರಿಸಿದರೆ ಯಾವ ಕಂಪನಿಯೂ ಇಲ್ಲ ಎನ್ನಲಾರದು.

ಉತ್ತರ 5: ನಾಜಲ್ ಮೇಸ್ತ್ರಿ, ಗಂಗಾವತಿ

ಇಂಜಿನಿಯರ್ ಸಾಹೇಬರ ಮಾತನ್ನು ಒಪ್ಪುತ್ತೇನೆ. ಇಜಿಆರ್ ಮುಚ್ಚಿಸುವ ಗಿರಾಕಿಗಳು ನನ್ನ ಅಂಗಡಿಗೂ ಬರುತ್ತಾರೆ, ವಾಪಸು ಕಳಿಸುತ್ತೇನೆ. ಆದರೆ ತರಬೇತಿಯಿಲ್ಲ ಎಂದು ಸ್ಕ್ಯಾನರ್ ಕೊಡದೆ, ಸ್ಕ್ಯಾನರ್ ಇಲ್ಲ ಎಂದು ತರಬೇತಿ ಕೊಡದೆ ಇದ್ದರೆ ನಾವು ಎಲ್ಲಿಂದ ಶುರುಮಾಡಬೇಕು? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬಂತಾಗಿದೆ. ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಬಳ್ಳಾರಿ ಕಡೆಯವರಿಗೆ ದೂರವೇನಲ್ಲ. ಹುಡುಗರನ್ನು ಅಂಗಡಿಯಲ್ಲಿ ಇಟ್ಟುಕೊಂಡಿರುವ ಮೇಸ್ತ್ರಿಗಳು ಅಲ್ಲಿ ವಿಚಾರಿಸಬಹುದು.

ಪ್ರಶ್ನೆ ಕೇಳಿದವರಿಂದ: ಎಡದಂಡೆ ರೈತ

ಎಲ್ಲರಿಗೂ ವಂದನೆ. ಕರಿಕೋಟಿನವರು ಹೇಳಿದಂತೆ ಎರಡು ಪತ್ರಗಳನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆ. ಕಂಪನಿಯಿಂದ ಇನ್ನೂ ಉತ್ತರ ಬಂದಿಲ್ಲ. ಡೀಲರ್ ಮಾತ್ರ ಹನ್ನೆರಡನೆಯ ದಿನ ಫೋನ್ ಮಾಡಿ, ಪತ್ರ ಯಾಕೆ ಬರೆದಿರಿ, ಬಂದು ಕೇಳಿದ್ದರೆ ಆಗುತ್ತಿರಲಿಲ್ಲವೇ ಎಂದರು. ಹೋದೆ. ಚಹಾ ಕುಡಿಸಿ, ಎರಡು ಹಾಳೆಯ ಜೆರಾಕ್ಸ್ ಕೊಟ್ಟರು. ಮೊದಲ ಹಾಳೆಯಲ್ಲಿ ನಲವತ್ತೆರಡು ಕೋಡುಗಳಿವೆ, ಇಂಗ್ಲಿಷಿನಲ್ಲಿ. ಎರಡನೆಯ ಹಾಳೆಯ ಎಡ ಅಂಚು ಜೆರಾಕ್ಸಿನಲ್ಲಿ ಕತ್ತರಿಸಿಹೋಗಿ ಕೋಡಿನ ಮೊದಲ ಅಂಕಿ ಕಾಣುತ್ತಿಲ್ಲ. ಬೇಕೆಂದೇ ಹಾಗೆ ಮಾಡಿದರೆಂದು ನಾನು ಹೇಳುವುದಿಲ್ಲ. ಇನ್ನೊಂದು ಸಲ ಹೋಗಿ ಕೇಳುತ್ತೇನೆ, ಈ ಸಲವೂ ಪತ್ರ ಹಾಕಿಯೇ ಹೋಗುತ್ತೇನೆ. ನಮ್ಮ ಮೇಸ್ತ್ರಿಯ ಮಗಳು ಮೊದಲ ಹಾಳೆಯನ್ನು ಕನ್ನಡದಲ್ಲಿ ಬರೆದು ಅವರ ಅಂಗಡಿಯ ಗೋಡೆಗೆ ಅಂಟಿಸಿದ್ದಾಳೆ.

ನಾಜಲ್ ಮೇಸ್ತ್ರಿಗಳೇ, ಮೊನ್ನೆ ಕನೆಕ್ಟರ್ ಬಿಚ್ಚಿ ನೋಡಿದೆವು. ನೀವು ಹೇಳಿದ ರಬ್ಬರ್ ಸೀಲ್ ಒಂದು ಬದಿಯಲ್ಲಿ ಮಡಚಿಕೊಂಡು ಹರಿದಿದೆ. ಷೋರೂಮಿನಲ್ಲಿ ಸೀಲ್ ಬಿಡಿಯಾಗಿ ಸಿಗುವುದಿಲ್ಲ, ತಂತಿಗಳ ಪೂರ್ತಿ ಕಟ್ಟನ್ನೇ, ಅಂದರೆ ಹಾರ್ನೆಸ್ಸನ್ನೇ ಕೊಳ್ಳಬೇಕು ಎನ್ನುತ್ತಾರೆ. ಬೇರೆ ವಾಹನದ ಕನೆಕ್ಟರಿನ ಸೀಲ್ ಇದಕ್ಕೆ ಕೂರುತ್ತದೆಯೇ? ಅಳತೆ ಬೇಕಾದರೆ ಹಳೆಯದನ್ನೇ ಜೇಬಿನಲ್ಲಿ ಹಾಕಿಕೊಂಡು ಶನಿವಾರ ಗಂಗಾವತಿಗೆ ಬರುತ್ತೇನೆ.